ಪ್ಲಾಟಿಂಗ್‌ಗೆ ಹೊಸ ಲೇಔಟ್ ಐಡಿಯಾ: ಮ್ಯಾಟ್‌ಪ್ಲಾಟ್‌ಲಿಬ್ ಕೋರ್‌ಗೆ ಕೊಡೋದಾ, ಬೇರೆ ಪ್ಯಾಕೇಜ್ ಮಾಡೋದಾ?

ಮ್ಯಾಟ್‌ಪ್ಲಾಟ್‌ಲಿಬ್ ಅಂದ್ರೆ ಪೈಥಾನ್‌ನಲ್ಲಿ ಗ್ರಾಫ್ ಬಿಡಿಸೋ ಲೈಬ್ರರಿ, ಕೋರ್ ಅಂದ್ರೆ ಅದರ ಮುಖ್ಯ ಕೋಡ್, ಲೇಔಟ್ ಅಂದ್ರೆ ಒಂದೇ ಚಿತ್ರದಲ್ಲಿ ಪ್ಲಾಟ್, ಲೇಬಲ್‌ಗಳಿಗೆ ಜಾಗ ಹಂಚೋ ರೀತಿ. ಮೊದಲು ಅದರಲ್ಲಿ ಈಗಿರೋ ಲೇಔಟ್‌ಗಳನ್ನ ಓಡಿಸಿ ನೋಡಿ. ಟೈಟ್ ಲೇಔಟ್ ಫಂಕ್ಷನ್ ಕರೆದಾಗ ಒಂದ್ಸಲ ಲೆಕ್ಕ ಹಾಕುತ್ತೆ, ಆಮೇಲೆ ಲೇಬಲ್ ಉದ್ದ ಮಾಡಿದ್ರೆ ಮತ್ತೆ ಕರೀಬೇಕು, ಆದ್ರೆ ಕನ್‌ಸ್ಟ್ರೇನ್ಡ್ ಲೇಔಟ್ ಚಿತ್ರ ಬಿಡಿಸೋ ಪ್ರತಿ ಸಲವೂ ಲೆಕ್ಕ ಹಾಕುತ್ತೆ, ನಾಲ್ಕು ಪ್ಲಾಟ್‌ಗೆ ಸೇರಿ ಒಂದೇ ಕಲರ್‌ಬಾರ್ (ಯಾವ ಬಣ್ಣಕ್ಕೆ ಯಾವ ಬೆಲೆ ಅಂತ ತೋರಿಸೋ ಪಟ್ಟಿ) ಇಟ್ರೂ ಜಾಗ ಸರಿಯಾಗಿ ಬಿಡುತ್ತೆ. ಚೌಕಾಕಾರದ ಇಮೇಜ್‌ಗಳನ್ನ ಎರಡೆರಡು ಸಾಲಲ್ಲಿ ಇಟ್ಟಾಗ ಮಧ್ಯೆ ಖಾಲಿ ಪಟ್ಟಿ ಉಳೀತಿತ್ತಲ್ಲ, ಅದಕ್ಕೆ 2022ರ 3.6 ವರ್ಶನ್‌ನಲ್ಲಿ ಕಂಪ್ರೆಸ್ಡ್ ಲೇಔಟ್ ಬಂತು. ಎಷ್ಟೋ ಸಲ ನಮಗೆ ಬೇಕಾಗಿದ್ದು ಇದರಲ್ಲೇ ಇರುತ್ತೆ.

ಇಲ್ಲ, ನಿಮ್ಮದು ನಿಜವಾಗ್ಲೂ ಹೊಸದು ಅಂದ್ರೆ ಬೇರೆ ಪ್ಯಾಕೇಜ್ ಬೇಗ ಆಗುತ್ತೆ. ಅದೇ 3.6ರಲ್ಲಿ ಬಂದ ಲೇಔಟ್ ಎಂಜಿನ್ ಕ್ಲಾಸ್‌ನ (ಜಾಗದ ಲೆಕ್ಕ ಹಾಕೋ ಕೋಡ್‌ನ ಅಚ್ಚು) ಸಬ್‌ಕ್ಲಾಸ್ ಮಾಡಿ, ಮುಖ್ಯವಾಗಿ ಲೆಕ್ಕ ಹಾಕೋ ಎಕ್ಸಿಕ್ಯೂಟ್ ಮೆಥಡ್ ಬರೀಬೇಕು, ಯಾರ ಒಪ್ಪಿಗೆನೂ ಬೇಡ, ಹೆಸರು ತಪ್ಪಾಗಿದ್ರೆ ನಾಳೆನೇ ಬದಲಾಯಿಸ್ಬೋದು.

ಕೋರ್‌ಗೆ ಹೋದ್ರೆ ಎಲ್ಲರಿಗೂ ಇನ್‌ಸ್ಟಾಲ್ ಜೊತೆನೇ ಸಿಗುತ್ತೆ ನಿಜ, ಆದ್ರೆ ಟೆಸ್ಟ್, ಡಾಕ್ಯುಮೆಂಟೇಶನ್, ರಿವ್ಯೂ ಎಲ್ಲಾ ದಾಟ್ಬೇಕು, ಮತ್ತೆ ಡೀಫಾಲ್ಟ್‌ನಲ್ಲಿ (ಏನೂ ಬದಲಾಯಿಸದಿದ್ರೆ ಬರೋ ಚಿತ್ರದಲ್ಲಿ) ಒಂದು ಪಿಕ್ಸೆಲ್ ಸರಿದ್ರೂ ಇಮೇಜ್ ಹೋಲಿಸೋ ಟೆಸ್ಟ್‌ಗಳು ಸಾಲಾಗಿ ಫೇಲ್ ಆಗೋ ಸಾಧ್ಯತೆ ಇದೆ, ಹಾಗಾಗಿ ಆಯ್ಕೆಯಾಗಿ ಮಾತ್ರ ಸೇರಿಸಿ ಅಂತ ಕೇಳೋದು ಒಳ್ಳೇದು.

ನಾನಾದ್ರೆ ಪ್ಯಾಕೇಜ್‌ನಿಂದ ಶುರು ಮಾಡ್ತೀನಿ, ಜನ ಬಳಸಿದ ಮೇಲೆ ಮ್ಯಾಟ್‌ಪ್ಲಾಟ್‌ಲಿಬ್ ಪ್ರಾಜೆಕ್ಟ್‌ನಲ್ಲಿ ಇಶ್ಯೂ (ಚರ್ಚೆಗೆ ಇಡೋ ಪೋಸ್ಟ್) ತೆಗೆದು ಮುಂಚೆ ಮತ್ತು ಆಮೇಲಿನ ಎರಡು ಚಿತ್ರ, ಹತ್ತು ಸಾಲಿನ ಕೋಡ್ ಹಾಕ್ತೀನಿ. ಚರ್ಚೆ ಆಗದೆ ದೊಡ್ಡ ಪುಲ್ ರಿಕ್ವೆಸ್ಟ್ (ನಿಮ್ಮ ಕೋಡ್ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಮಾತ್ರ ಕಳಿಸ್ಬೇಡಿ.