ಕೆಂಪು ಮೆರುಗಿನ ಚೀನೀ ಹೂದಾನಿ: ಚೆಲುವಿದೆ, ಹೇಳಿದಷ್ಟು ವಯಸ್ಸಿಲ್ಲ
ಮಾರಾಟಕ್ಕಿರುವ ಈ ಏಕವರ್ಣದ ಹೂದಾನಿಯನ್ನು ಕಾಂಗ್‌ಶಿ ಚಕ್ರವರ್ತಿಯ ಕಾಲದ (1662–1722) ‘ಲಾಂಗ್ಯಾವ್’ ಕೆಂಪು (ತಾಮ್ರದಿಂದ ಬರುವ ದಟ್ಟ ಕೆಂಪು ಮೆರುಗಿನ ಪಿಂಗಾಣಿ) ಎಂದು ವರ್ಣಿಸಿದ್ದಾರೆ. ಬಣ್ಣ ನಿಜಕ್ಕೂ ಮನಸೆಳೆಯುತ್ತದೆ. ಆದರೆ ಇದು 19ನೇ ಶತಮಾನದ್ದೆಂದೇ ನಮ್ಮ ಅಂದಾಜು.

ಕಾರಣ ತಳದಲ್ಲಿದೆ. ಮೆರುಗಿಗೆ, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪಕ್ಕೆ, ಬೆರೆಸಿದ ಅತ್ಯಲ್ಪ ತಾಮ್ರದಿಂದ ಈ ಕೆಂಪು ಬರುತ್ತದೆ. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಗೂಡಿನೊಳಗೆ ಆಮ್ಲಜನಕ ತಗ್ಗಿಸಿ ಸುಡಬೇಕು. ಗಾಳಿ ಹೆಚ್ಚಾದರೆ ಬಣ್ಣ ಹಸಿರಿಗೆ ತಿರುಗುತ್ತದೆ ಅಥವಾ ಮಾಸುತ್ತದೆ. ಕಾವಿಗೆ ಮೆರುಗು ಕೆಳಕ್ಕೆ ಹರಿದು ಬಾಯಂಚು ಬಿಳುಪಾಗಿ ಉಳಿಯುತ್ತದೆ, ಬುಡದಲ್ಲಿ ಕೆಂಪು ದಟ್ಟವಾಗುತ್ತದೆ. ಚೀನಾದ ಪಿಂಗಾಣಿ ಕೇಂದ್ರವಾದ ಜಿಂಗ್‌ಡೆಝೆನ್‌ನ ಕಾಂಗ್‌ಶಿ ಕಾಲದ ಒಳ್ಳೆಯ ಕೆಲಸದಲ್ಲಿ ಆ ಹರಿವು ತಳದ ಅಂಚಿಗೆ ಮೊದಲೇ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಇಲ್ಲಿ ಅಂಚು ದಾಟಿ ಇಳಿದಿದೆ, ಇಳಿದದ್ದನ್ನು ಸಾಣೆ ಹಿಡಿದು ತೆಗೆದಿದ್ದಾರೆ.

ದೊರೆಯ ಕಾಲ ಸೂಚಿಸುವ ತಳದ ಆರಕ್ಷರದ ಮುದ್ರೆಗೂ ಬೆಲೆ ಕೊಡಬೇಡಿ. ಅಸಲಿ ಲಾಂಗ್ಯಾವ್ ಪಾತ್ರೆಗಳಿಗೆ ಸಾಮಾನ್ಯವಾಗಿ ಮುದ್ರೆಯೇ ಇರುವುದಿಲ್ಲ. ಹಿಂದಿನ ದೊರೆಗಳ ಮುದ್ರೆಯನ್ನು ಮುಂದಿನ ಕುಶಲಕರ್ಮಿಗಳು ಧಾರಾಳವಾಗಿ ಬಳಸಿದ್ದಾರೆ.

ಬಾಯಂಚಿನ ಬಿಳಿ ಗೆರೆ ಸುತ್ತಲೂ ಅಖಂಡವಾಗಿದೆ. ಇದು ದೊಡ್ಡ ಸಮಾಧಾನ: ಚೆಕ್ಕೆ ಎದ್ದ ಬಾಯನ್ನು ಕತ್ತರಿಸಿ ನಯಗೊಳಿಸಿದ್ದರೆ ಈ ಗೆರೆ ಉಳಿಯುತ್ತಿರಲಿಲ್ಲ. ಮೆರುಗಿನೊಳಗಿನ ಸಣ್ಣ ಬಿರುಕುಬಲೆ ಸಹಜ, ದೋಷವಲ್ಲ.

ಹಣ ಕೊಡುವ ಮುನ್ನ ಕತ್ತಲಲ್ಲಿ ನೇರಳಾತೀತ ದೀಪ ಹಿಡಿದು ಕುತ್ತಿಗೆಯನ್ನು ಪರೀಕ್ಷಿಸಿ. ಹೊಸ ಬಣ್ಣ, ಅಂಟು ಬೇರೆಯಾಗಿ ಹೊಳೆಯುತ್ತವೆ. ದೀಪದ ಕಂಬವಾಗಿಸಲು ತಳಕ್ಕೆ ತೂತು ಕೊರೆದು ಮುಚ್ಚಿದ್ದಾರೆಯೇ ಎಂದೂ ನೋಡಿ. 19ನೇ ಶತಮಾನದ ಬೆಲೆಗೆ ಸಿಕ್ಕರೆ ಖಂಡಿತ ಕೊಳ್ಳಬಹುದು.