ಉಪ್ಪುನೀರಿಗೆ ಯಾವ ಟ್ಯೂಬ್: 316 ಸ್ಟೀಲೋ, ಕುಪ್ರೊನಿಕಲ್ಲೋ, ಟೈಟಾನಿಯಮ್ಮೋ?

ಮಲ್ಪೆಯ ಬೋಟಿನವರೊಬ್ಬರ ಪ್ರಶ್ನೆ ಇದು. ಇಂಜಿನ್ ಕೂಲರಿನ ಟ್ಯೂಬ್ ಬದಲಿಸಬೇಕಂತೆ.

ದರದಲ್ಲಿ ಟೈಟಾನಿಯಂ ಕೈಸುಡುತ್ತದೆ, 316 ಎಂಬ ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಅಗ್ಗ. ಆದರೆ ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಡ ಸೇರಿದಾಗ ಒಳಗೆ ಸಮುದ್ರದ ನೀರು ಉಳಿದರೆ ಸ್ಟೀಲಿಗೆ ಸೂಜಿಮೊನೆಯಂಥ ತೂತು ಬೀಳುತ್ತದೆ. ಸಿಹಿನೀರಿನ ಕೆಲಸವಾದರೆ ಅದೇ ಧಾರಾಳ ಸಾಕು.

90-10 ಕುಪ್ರೊನಿಕಲ್ (ನೂರಕ್ಕೆ ಸುಮಾರು 90 ಪಾಲು ತಾಮ್ರ, 10 ಪಾಲು ನಿಕಲ್ ಬೆರೆತ ಲೋಹ) ಸ್ಟೀಲಿಗಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ. ಅದರಲ್ಲಿರುವ ತಾಮ್ರದಿಂದಾಗಿ ಪಾಚಿ, ಚಿಪ್ಪು ಸುಲಭವಾಗಿ ಅಂಟುವುದಿಲ್ಲ. ನೀರು ರಭಸವಾಗಿ ನುಗ್ಗಿದರೆ, ಜೊತೆಗೆ ಮರಳಿದ್ದರೆ, ಸವೆಯುತ್ತದೆ. ಟೈಟಾನಿಯಂ ಅದಕ್ಕೆಲ್ಲ ಜಗ್ಗದು; ಪಾಚಿ ಮಾತ್ರ ಕಟ್ಟುತ್ತದೆ. ಟ್ಯೂಬುಗಳ ತುದಿ ಹಿಡಿದಿಡುವ ಹಳೆಯ ಹಿತ್ತಾಳೆ ಪ್ಲೇಟಿಗೇ ಟೈಟಾನಿಯಂ ಟ್ಯೂಬ್ ಕೂರಿಸಿದರೆ ಪ್ಲೇಟು ಬೇಗ ತಿಂದುಹೋಗುತ್ತದೆ.

ಪಟ್ಟಿ ಸುತ್ತಿ ಬೆಸೆದ ಟ್ಯೂಬೆಂದು ಹೆದರಬೇಡಿ. ವಿದ್ಯುತ್ತಿನಿಂದ ಬಿರುಕು, ತೂತು ಪತ್ತೆಹಚ್ಚುವ ಎಡ್ಡಿ ಕರೆಂಟ್ ಪರೀಕ್ಷೆಯ ಪತ್ರ ಕೇಳಿ.

ನಿಮ್ಮ ಬೋಟಿಗೆ ನಾನಾದರೆ ಕುಪ್ರೊನಿಕಲ್ ಹಾಕಿಸುತ್ತಿದ್ದೆ. ವರ್ಷವಿಡೀ ಸಮುದ್ರದ ನೀರೆಳೆಯುವ ದೊಡ್ಡ ಸ್ಥಾವರಕ್ಕಾದರೆ ಟೈಟಾನಿಯಂ. ಅಮೋನಿಯಾದಲ್ಲಿ ಓಡುವ ಐಸ್ ಪ್ಲಾಂಟಿಗೆ ಮಾತ್ರ ತಾಮ್ರ ಬೆರೆತ ಯಾವ ಟ್ಯೂಬೂ ಬೇಡ, ಅಮೋನಿಯಾ ತಾಮ್ರವನ್ನು ತಿನ್ನುತ್ತದೆ, ಬಿರುಕೂ ಬಿಡಬಹುದು.