ಸೆಕೆಂಡ್ ಹ್ಯಾಂಡ್ ಡೆತ್‌ವಾಚ್ ಕೊಳ್ಳುವ ಮುನ್ನ ಕಪ್ಪು ಬಣ್ಣದ ಕೆಳಗೆ ಏನಿದೆ ಕೇಳಿ

ವಾರ್‌ಹ್ಯಾಮರ್ 40,000 (ಗೇಮ್ಸ್ ವರ್ಕ್‌ಶಾಪ್ ಕಂಪನಿಯ, ಪುಟ್ಟ ಗೊಂಬೆಗಳ ಸೈನ್ಯ ಕಟ್ಟಿ ಮೇಜಿನ ಮೇಲೆ ಆಡುವ ಯುದ್ಧದಾಟ) ಆಡುವವರು, ಅದರಲ್ಲೂ ಡೆತ್‌ವಾಚ್ ಸೈನ್ಯ ಕಟ್ಟಬೇಕು ಅಂತ ಆಸೆ ಇರುವವರು, ದಯವಿಟ್ಟು ಇದನ್ನೊಮ್ಮೆ ಓದಿ. ಬಣ್ಣ ಬಳಿದು ಸಿದ್ಧವಾಗಿರುವ ಡೆತ್‌ವಾಚ್ ಸೈನ್ಯವನ್ನು ಬರೀ ಫೋಟೋ ನೋಡಿ ಕೊಳ್ಳಬೇಡಿ. ನನಗೆ ಬಂದ ಪೆಟ್ಟಿಗೆಯಲ್ಲಿ ಅಸಲಿ ಡೆತ್‌ವಾಚ್ ಗೊಂಬೆಗಳು ಕಾಲು ಭಾಗವೂ ಇರಲಿಲ್ಲ. ದುಡ್ಡು ವಾಪಸ್ ಬರಲಿಲ್ಲ.

ಮಾರಿದವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಥವರು ಎಲ್ಲಾ ಕಡೆ ಇರುತ್ತಾರೆ. ನಾನು ಹೇಳಬೇಕಾಗಿರುವುದು ಈ ಸೈನ್ಯದ ಬಗ್ಗೆ. ಈ ಆಟದಲ್ಲಿ ನಕಲಿ ಮಾಲು ಸಾಗಹಾಕಲು ಇಷ್ಟು ಅನುಕೂಲವಾದ ಸೈನ್ಯ ಇನ್ನೊಂದಿಲ್ಲ ಅನಿಸುತ್ತೆ.

ಯಾಕೆ ಅಂತ ನೋಡಿ. ಆಟದ ಕಥೆಯಲ್ಲಿ ಡೆತ್‌ವಾಚ್ ಅಂದರೆ ಅನ್ಯಗ್ರಹದ ಜೀವಿಗಳನ್ನು ಬೇಟೆಯಾಡುವ ಆಯ್ದ ಯೋಧರ ಪಡೆ. ಇನ್‌ಕ್ವಿಸಿಷನ್ ಎನ್ನುವ ಗುಪ್ತ ತನಿಖಾ ಸಂಸ್ಥೆಯಲ್ಲಿ ಅನ್ಯಗ್ರಹ ಜೀವಿಗಳ ವಿಷಯ ನೋಡಿಕೊಳ್ಳುವ ಆರ್ಡೋ ಕ್ಸೀನೋಸ್ ವಿಭಾಗದ ಜೊತೆ ಸೇರಿ ಕೆಲಸ ಮಾಡುತ್ತೆ. ಬೇರೆ ಬೇರೆ ಚಾಪ್ಟರ್‌ಗಳಿಂದ, ಅಂದರೆ ದಳಗಳಿಂದ, ಅನುಭವಿ ಸ್ಪೇಸ್ ಮರೀನ್‌ಗಳನ್ನು (ಕವಚ ತೊಟ್ಟ ಮಹಾಯೋಧರನ್ನು) ಕಳಿಸಿಕೊಡುತ್ತಾರೆ. ಬಂದವರು ತಮ್ಮ ಕವಚಕ್ಕೆ ಕಪ್ಪು ಬಣ್ಣ ಬಳಿದುಕೊಳ್ಳುತ್ತಾರೆ. ಎಡಗೈ ಬೆಳ್ಳಿ. ಬಲಭುಜದ ಮೇಲೆ ಮಾತ್ರ ತಮ್ಮ ಹಳೆಯ ಚಾಪ್ಟರ್‌ನ ಬಣ್ಣ, ಗುರುತು ಉಳಿಸಿಕೊಳ್ಳುತ್ತಾರೆ. ಅಲ್ಟ್ರಾಮರೀನ್ ಪಕ್ಕದಲ್ಲಿ ಸ್ಪೇಸ್ ವುಲ್ಫ್, ಅವನ ಪಕ್ಕದಲ್ಲಿ ಸಾಲಮ್ಯಾಂಡರ್. ಒಬ್ಬನ ಆಯುಧ ಇನ್ನೊಬ್ಬನಿಗಿಲ್ಲ. ನನಗೆ ಈ ಪಡೆ ಇಷ್ಟವಾಗಿದ್ದೇ ಇದಕ್ಕೆ.

ಮೋಸಕ್ಕೆ ದಾರಿ ಆಗುವುದೂ ಇದೇ. ಬೇರೆ ಸೈನ್ಯದಲ್ಲಿ ಹತ್ತು ಕಡೆಯಿಂದ ತಂದ ಗೊಂಬೆಗಳನ್ನು ಒಟ್ಟು ನಿಲ್ಲಿಸಿದರೆ ಕಣ್ಣಿಗೆ ಹೊಡೆಯುತ್ತೆ. ಇಲ್ಲಿ ಒಂದೊಂದು ಒಂದೊಂದು ಥರ ಇರುವುದೇ ಚೆಂದ ಅಲ್ವಾ? ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮೇಲೆ ಕಪ್ಪು ಬಣ್ಣ. ಅಚ್ಚಿನ ಗುಳ್ಳೆ, ಸವೆದ ಅಂಚು, ಸರಿಯಾಗಿ ಮೂಡದ ರಿವೆಟ್ಟು, ಎಲ್ಲವನ್ನೂ ಕಪ್ಪು ನುಂಗಿಬಿಡುತ್ತೆ. ಫೋಟೋದಲ್ಲಂತೂ ಕೇಳಲೇಬೇಡಿ.

ಇದರ ಜೊತೆಗೆ ನಿಯಮಗಳ ಗೊಂದಲ. 2024ರಲ್ಲಿ ಇಂಪೀರಿಯಲ್ ಏಜೆಂಟ್ಸ್ ಕೋಡೆಕ್ಸ್ (ನಿಯಮಗಳ ಪುಸ್ತಕ) ಬಂದಾಗ ಡೆತ್‌ವಾಚ್‌ಗೆ ಪ್ರತ್ಯೇಕ ಸೈನ್ಯ ಎನ್ನುವ ಸ್ಥಾನ ಹೋಯಿತು. ಆಟಗಾರರು ಸಿಕ್ಕಾಪಟ್ಟೆ ಸಿಟ್ಟಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೇಮ್ಸ್ ವರ್ಕ್‌ಶಾಪ್ ಅದನ್ನು ಸ್ಪೇಸ್ ಮರೀನ್‌ಗಳ ಕೆಳಗೆ ವಾಪಸ್ ತಂದಿತು. ಹಾಗಾಗಿ 'ನಿಯಮ ಹೋಯ್ತಲ್ಲ, ಅದಕ್ಕೇ ಮಾರ್ತಿದೀನಿ' ಎನ್ನುವುದು ಯಾರಿಗೂ ಸಹಜ ಅನಿಸುವ ಕಾರಣ. ನನಗೆ ಮಾರಿದವರು ಹೇಳಿದ್ದೂ ಅದನ್ನೇ. ಹೊಸ ಬಾಕ್ಸ್‌ಗಿಂತ ಬೆಲೆ ಕಡಿಮೆ ಯಾಕೆ ಎನ್ನುವ ಪ್ರಶ್ನೆಗೂ ಅದೇ ಉತ್ತರ ಸಿದ್ಧವಾಗಿತ್ತು.

ಪೆಟ್ಟಿಗೆ ಬಂತು. ಮೊದಲ ನೋಟಕ್ಕೆ ಸೊಗಸಾಗಿಯೇ ಇತ್ತು. ಒಬ್ಬ ಯೋಧನ ಕತ್ತಿ ಸ್ವಲ್ಪ ಬಾಗಿತ್ತು. ನೇರ ಮಾಡೋಣ ಅಂತ ಬೆರಳಿನಲ್ಲಿ ಒತ್ತಿದೆ. ಟಕ್ಕಂತ ಮುರಿಯಿತು. ಅಸಲಿ ಪ್ಲಾಸ್ಟಿಕ್ ಹಾಗೆ ಮುರಿಯುವುದಿಲ್ಲ. ಮೊದಲು ಬಾಗುತ್ತೆ, ಬಾಗಿದ ಜಾಗ ಬೆಳ್ಳಗಾಗುತ್ತೆ. ಮುರಿದ ತುದಿ ನೋಡಿದರೆ ಒಳಗೆ ಕೆನೆ ಬಣ್ಣದ ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿ ಮಾಡುವ ರಾಳ), ಮಧ್ಯದಲ್ಲಿ ಸಣ್ಣ ಗುಳ್ಳೆ.

ಅವರು ಮಾರಿದ್ದು ಡೆತ್‌ವಾಚ್ ವೆಟರನ್ಸ್ ಅಂತ. ಆ ಕಿಟ್, ಅಂದರೆ ಜೋಡಿಸುವ ಬಿಡಿಭಾಗಗಳ ಪೆಟ್ಟಿಗೆ, 2016ರಲ್ಲಿ ಬಂದಿದ್ದು. ಅದು ಪ್ಲಾಸ್ಟಿಕ್ ಕಿಟ್. ಅದರ ಗೊಂಬೆ ರೆಸಿನ್‌ನಲ್ಲಿ ಇದೆ ಅಂದರೆ ಯಾರೋ ಅಸಲಿ ಗೊಂಬೆಯಿಂದ ಸಿಲಿಕೋನ್ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ ಅಂತಲೇ ಅರ್ಥ. ಇದನ್ನೇ ರೀಕಾಸ್ಟ್ ಅನ್ನುವುದು. ಇಲ್ಲೊಂದು ಮಾತು ಹೇಳಲೇಬೇಕು. ರೆಸಿನ್ ಎಲ್ಲವೂ ನಕಲಿ ಅಲ್ಲ. ಗೇಮ್ಸ್ ವರ್ಕ್‌ಶಾಪ್‌ನದ್ದೇ ಆದ ಫೋರ್ಜ್ ವರ್ಲ್ಡ್‌ನ ಗೊಂಬೆಗಳು ರೆಸಿನ್‌ನಲ್ಲೇ ಬರುತ್ತವೆ. ಅದೇ ಕಂಪನಿ 2011ರಲ್ಲಿ ಶುರು ಮಾಡಿದ ಫೈನ್‌ಕಾಸ್ಟ್ ಗೊಂಬೆಗಳೂ ರೆಸಿನ್ನೇ. ಇನ್ನೂ ಹಳೆಯ ಡೆತ್‌ವಾಚ್ ಬಿಡಿಭಾಗಗಳು ಲೋಹದವು. ಹಾಗಾಗಿ ಯಾವ ಗೊಂಬೆ ಯಾವ ವಸ್ತುವಿನಲ್ಲಿ ಬಂದಿತ್ತು ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಜಗಳಕ್ಕೆ ನಿಲ್ಲಿ.

ಉಳಿದವನ್ನೂ ಒಂದೊಂದಾಗಿ ನೋಡಿದೆ. ಕೆಲವು ಮನೆಯ ಪ್ರಿಂಟರಿನಲ್ಲಿ ತೆಗೆದ 3ಡಿ ಪ್ರಿಂಟ್‌ಗಳು. ಮೊಣಕಾಲಿನ ಉಬ್ಬಿನ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಪದರ ಪದರ ಗೆರೆ ಕಾಣುತ್ತಿತ್ತು. ಮೇಲಂಗಿಯ ಒಳಭಾಗದಲ್ಲಿ ಆಧಾರದ ಕಡ್ಡಿ ಕಿತ್ತ ಚುಕ್ಕೆಗಳು. ಇನ್ನು ಕೆಲವು ಪ್ಲಾಸ್ಟಿಕ್ಕೇ, ಗೇಮ್ಸ್ ವರ್ಕ್‌ಶಾಪ್‌ನದ್ದೇ. ಆದರೆ ಡೆತ್‌ವಾಚ್ ಅಲ್ಲ. ಹಳೆಯ ಮಾಮೂಲಿ ಮರೀನ್‌ಗಳಿಗೆ ಕಪ್ಪು ಪ್ರೈಮರ್ ಹೊಡೆದು, ಎಡಗೈಗೆ ಬೆಳ್ಳಿ ಬಳಿದು, ಭುಜಕ್ಕೆ ಡಿಕಾಲ್ (ಅಂಟಿಸುವ ತೆಳು ಚಿತ್ರ) ಅಂಟಿಸಿದ್ದರು. ಅವು ನಿಂತಿದ್ದು 25 ಮಿಲಿಮೀಟರ್ ಬೇಸ್ (ಗೊಂಬೆಯ ಕೆಳಗಿನ ದುಂಡು ತಟ್ಟೆ) ಮೇಲೆ. ವೆಟರನ್ಸ್ ಕಿಟ್‌ಗೆ ಬರುವುದು 32 ಮಿಲಿಮೀಟರ್ ಬೇಸ್. ನೇರವಾಗಿ 'ಮಾಮೂಲಿ ಮರೀನ್‌ಗಳನ್ನು ಬದಲಾಯಿಸಿದ್ದು' ಅಂತ ಹೇಳಿದ್ದರೆ ನನಗೆ ತಕರಾರೇ ಇರುತ್ತಿರಲಿಲ್ಲ. ಎಷ್ಟೋ ಜನ ಹಾಗೆ ಚೆನ್ನಾಗಿ ಮಾಡಿಕೊಳ್ಳುತ್ತಾರೆ. ವೆಟರನ್ಸ್ ಅಂತ ಹೇಳಿ, ವೆಟರನ್ಸ್ ಬೆಲೆಗೆ ಕೊಟ್ಟಿದ್ದು ಮೋಸ.

ಫೋಟೋ ಕೇಳುವಾಗ ಎಡಭುಜದ ಹತ್ತಿರದ ಚಿತ್ರ ಕೇಳಿ. ಅಸಲಿ ಕಿಟ್‌ನಲ್ಲಿ ಡೆತ್‌ವಾಚ್‌ನ ತಲೆಬುರುಡೆ ಗುರುತು ಉಬ್ಬು ಕೆತ್ತನೆಯಾಗಿರುತ್ತೆ. ರೀಕಾಸ್ಟ್‌ನಲ್ಲಿ ಅದು ಸೋಪು ಸವೆದ ಹಾಗೆ ಮೊಂಡಾಗಿರುತ್ತೆ. ನುಣುಪಾದ ಭುಜದ ಮೇಲೆ ಚಿತ್ರ ಮಾತ್ರ ಇದ್ದರೆ ಅದು ಡಿಕಾಲ್. ಬೇಸ್‌ನ ಕೆಳಭಾಗ, ಗೊಂಬೆಯ ಬೆನ್ನು, ಪಾದದ ಅಡಿಯ ಚಿತ್ರಗಳನ್ನೂ ಕೇಳಿ. ಬಣ್ಣ ಬಳಿಯುವವರು ಪಾದದ ಅಡಿ ಬಿಟ್ಟಿರುತ್ತಾರೆ, ಅಲ್ಲಿ ವಸ್ತು ಗೊತ್ತಾಗುತ್ತೆ. ಈ ಚಿತ್ರಗಳನ್ನು ಕೊಡಲು ಸಬೂಬು ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಗೊಂಬೆ ಕೈಗೆ ಬಂದಿದ್ದರೆ ಇನ್ನೂ ಸುಲಭ. ಕಾಣದ ಜಾಗದಲ್ಲಿ ಚಾಕುವಿನಿಂದ ತುಸು ಹೆರೆಯಿರಿ. ಪ್ಲಾಸ್ಟಿಕ್ ಸುರುಳಿಯಾಗಿ ಬರುತ್ತೆ, ರೆಸಿನ್ ಪುಡಿಯಾಗಿ ಉದುರುತ್ತೆ. ಇಲ್ಲವೇ ಪ್ಲಾಸ್ಟಿಕ್ ಅಂಟಿನ ಒಂದು ಹನಿ ಬಿಡಿ. ಆ ಅಂಟು ಪಾಲಿಸ್ಟೈರೀನ್ ಅನ್ನು ಕರಗಿಸಿ ಬೆಸೆಯುತ್ತೆ, ಹಾಗಾಗಿ ಮೇಲ್ಮೈ ಮೆತ್ತಗಾಗುತ್ತೆ. ರೆಸಿನ್‌ಗೆ ಏನೂ ಆಗುವುದಿಲ್ಲ. ಅದಕ್ಕೇ ರೆಸಿನ್ ಅಂಟಿಸಲು ಸೂಪರ್ ಗ್ಲೂ ಬೇಕು. ಬಣ್ಣ ತೆಗೆಯಲು ಹೋಗಿ ಅಸಿಟೋನ್ ಮಾತ್ರ ಹಾಕಬೇಡಿ. ಅಸಲಿ ಪ್ಲಾಸ್ಟಿಕ್ ಇದ್ದರೆ ಅದೇ ಕರಗಿ ಹೋಗುತ್ತೆ.

ರೆಸಿನ್ ಅಂತ ಗೊತ್ತಾದ ಮೇಲೆ ಒಣಗಿದ್ದಾಗ ಉಜ್ಜಬೇಡಿ. ಅದರ ಪುಡಿ ಉಸಿರಿನ ಜೊತೆ ಒಳಗೆ ಹೋಗುವುದು ಒಳ್ಳೆಯದಲ್ಲ. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಚಿಕ್ಕ ಮಕ್ಕಳು ಅಲ್ಲೇ ಆಡುತ್ತಿದ್ದರೆ ಆ ಕೆಲಸ ಬೇರೆ ದಿನಕ್ಕಿರಲಿ.

'ನಕಲಿ ಆದರೇನು, ಆಟ ಆಡೋಕೆ ಸಾಕಲ್ವಾ' ಅಂತ ಒಬ್ಬ ಗೆಳೆಯ ಕೇಳಿದ. ಮನೆಯಲ್ಲಿ ಆಡಲು ಸಾಕು. ಆದರೆ ಗೇಮ್ಸ್ ವರ್ಕ್‌ಶಾಪ್ ನಡೆಸುವ ಟೂರ್ನಮೆಂಟ್‌ಗಳಲ್ಲಿ ಅವರ ಗೊಂಬೆಗಳನ್ನೇ ಇಡಬೇಕು. ನಾಳೆ ನಾವು ಮಾರಲು ಹೋದರೆ ನಾವೇ ಮೋಸಗಾರರಾಗುತ್ತೇವೆ. ಅಸಲಿ ಅಂತ ಅಸಲಿ ಬೆಲೆ ಕೊಟ್ಟವರಿಗೆ 'ಸಾಕು' ಎನ್ನುವುದು ಸಮಾಧಾನದ ಮಾತಲ್ಲ.

ದುಡ್ಡಿನ ವಿಷಯ. ಮಾರಿದವರು ಮೊದಲೇ, 'ವೆಬ್‌ಸೈಟ್ ಕಮಿಷನ್ ಸುಮ್ನೆ ಯಾಕೆ, ನೇರವಾಗಿ ಕಳಿಸಿ, ಇನ್ನೂ ಕಮ್ಮಿ ಮಾಡ್ತೀನಿ' ಅಂದಿದ್ದರು. ಹಾಗೆ ಕಳಿಸಿದ ದುಡ್ಡಿಗೆ ಕೊಳ್ಳುವವರ ರಕ್ಷಣೆ ಅನ್ವಯಿಸುವುದಿಲ್ಲ. ವೆಬ್‌ಸೈಟ್‌ಗೆ ದೂರು ಕೊಟ್ಟಾಗ ವ್ಯವಹಾರ ನಮ್ಮ ಮೂಲಕ ನಡೆದಿಲ್ಲ ಎಂಬ ಉತ್ತರ ಬಂತು. ಮಾರಿದವರು ಮೊದಲು 'ನನಗೂ ಹಾಗೇ ಸಿಕ್ಕಿದ್ದು' ಅಂದರು, ಆಮೇಲೆ ಬ್ಲಾಕ್ ಮಾಡಿದರು. ಯಾರಾದರೂ ರಿಯಾಯಿತಿ ತೋರಿಸಿ ದುಡ್ಡನ್ನು ಹೊರಗಿನಿಂದ ಕೇಳಿದರೆ, ಗೊಂಬೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಪೆಟ್ಟಿಗೆ ತೆರೆಯುವಾಗ ವಿಡಿಯೋ ಮಾಡಿಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಪೂರ್ತಿ ಬಿಟ್ಟಿಲ್ಲ ನಾನು. ಈಗ ಸ್ಪ್ರೂನಿಂದ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ) ಬಿಡಿಸದ, ಬಣ್ಣ ಕಾಣದ ಕಿಟ್‌ಗಳನ್ನು ಮಾತ್ರ ನೋಡುತ್ತೇನೆ. ಅಸಲಿ ಸ್ಪ್ರೂ ಚೌಕಟ್ಟಿನ ಮೇಲೆ ಕಂಪನಿಯ ಹೆಸರು, ಹಕ್ಕುಸ್ವಾಮ್ಯದ ಗುರುತು, ಇಸವಿ ಅಚ್ಚಾಗಿರುತ್ತವೆ. ಜೋಡಿಸಿದ್ದೇ ಬೇಕು ಅನ್ನುವವರು 2016ರ ಡೆತ್‌ವಾಚ್: ಓವರ್‌ಕಿಲ್ ಆಟದ ಪೆಟ್ಟಿಗೆಯಲ್ಲಿ ಬಂದ ಯೋಧರನ್ನು ಹುಡುಕಬಹುದು. ಅಲ್ಲಿ ಪ್ರತಿ ಗೊಂಬೆಗೂ ಅದರದೇ ನಿಲುವು, ಅದರದೇ ಆಯುಧ. ಹಾಗಾಗಿ ಕಂಪನಿಯ ಚಿತ್ರ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಹೋಲಿಸಿ ನೋಡಬಹುದು.